ಹಳೆಯ ಫ್ಲಾಪಿ ಇಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ: ಮೊದಲು ಇಮೇಜ್, ಆಮೇಲೆ ಫೈಲು

ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಎಂಬ್ರಾಯಿಡರಿ ಡಿಸೈನ್ ತುಂಬಿದ ಫ್ಲಾಪಿ ಡಬ್ಬಿ ಇರುತ್ತದೆ. ರಾಯಚೂರಿನ ಹತ್ತಿ ಅಂಗಡಿಯಲ್ಲಿ ಹಳೆಯ ಲೆಕ್ಕದ ಫ್ಲಾಪಿ, ಗಂಗಾವತಿಯ ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್ ಫೈಲುಗಳ ಫ್ಲಾಪಿ. ಒಳಗಿರುವುದು ಬೇರೆ ಬೇರೆ, ಆದರೆ ಕೆಲಸ ಕೆಡುವ ಜಾಗ ಒಂದೇ. ಫ್ಲಾಪಿ ಹಾಕಿದ ಕೂಡಲೇ ಡಬಲ್ ಕ್ಲಿಕ್ ಮಾಡಿ, ಕಂಡ ಫೈಲುಗಳನ್ನು ಒಂದೊಂದಾಗಿ ಎಳೆಯಲು ಶುರು ಮಾಡುತ್ತಾರೆ. ನಾಲ್ಕನೇ ಫೈಲಿಗೆ ಡ್ರೈವ್ ತಡವರಿಸುತ್ತದೆ, ವಿಂಡೋಸ್ ಹತ್ತಾರು ಸಲ ಅದೇ ಜಾಗವನ್ನು ಉಜ್ಜುತ್ತದೆ, ಸ್ವಲ್ಪ ಹೊತ್ತಿಗೆ ಮೊದಲು ಕಂಡಿದ್ದ ಫೈಲುಗಳೂ ಕಾಣುವುದಿಲ್ಲ.

ಸರಿಯಾದ ಕ್ರಮ ಇದರ ತಿರುವುಮುರುವು. ಸೆಕ್ಟರ್ ಎಂದರೆ ಫ್ಲಾಪಿಯೊಳಗಿನ ತಟ್ಟೆಯಲ್ಲಿ ಮಾಹಿತಿ ಕೂರುವ ಒಂದು ಸಣ್ಣ ತುಂಡು. ಫ್ಲಾಪಿಯ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಇದ್ದದ್ದು ಇದ್ದಂತೆ ಒಂದೇ ಫೈಲಿಗೆ ಇಳಿಸಬೇಕು. ಅದೇ ಇಮೇಜ್. ಅದು ಕೈಗೆ ಬಂದ ಮೇಲೆ ಫ್ಲಾಪಿಯನ್ನು ಡಬ್ಬಿಗೆ ಸೇರಿಸಿ. ತೆರೆಯುವುದು, ಬದಲಿಸುವುದು, ಪ್ರಯೋಗ ಮಾಡುವುದು ಎಲ್ಲವೂ ಇಮೇಜಿನ ನಕಲಿನ ಮೇಲೆ.

ಕೆಳಗೆ ಪ್ರೋಗ್ರಾಂ ಮತ್ತು ಆದೇಶಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ.

ಬೇಕಾಗುವ ಸಾಮಾನು

ಮೂರೂವರೆ ಇಂಚಿನ ಫ್ಲಾಪಿಗೆ ಯುಎಸ್‌ಬಿ ಫ್ಲಾಪಿ ಡ್ರೈವ್ ಸಾಕು. ಸಾಧ್ಯವಾದರೆ ಬೇರೆ ಬೇರೆ ತಯಾರಿಕೆಯ ಎರಡು ಡ್ರೈವ್ ಇಟ್ಟುಕೊಳ್ಳಿ. ಯಾಕೆಂದು ಆರನೇ ಹಂತದಲ್ಲಿ ತಿಳಿಯುತ್ತದೆ.

ಐದೂಕಾಲು ಇಂಚಿನದಾದರೆ ಯುಎಸ್‌ಬಿ ಡ್ರೈವ್ ಸಿಗುತ್ತದೆಂದು ಹುಡುಕಿ ಸಮಯ ಕಳೆಯಬೇಡಿ. ಹಳೆಯ ಪಿಸಿಯಿಂದ ಬಿಚ್ಚಿದ ಡ್ರೈವ್, 34 ಪಿನ್ನಿನ ಪಟ್ಟಿ ಕೇಬಲ್, 5 ಮತ್ತು 12 ವೋಲ್ಟ್ ಎರಡನ್ನೂ ಕೊಡುವ ಪವರ್ ಸಪ್ಲೈ, ಜೊತೆಗೆ ಗ್ರೀಸ್‌ವೀಜಲ್ ಎಂಬ ಸಣ್ಣ ಬೋರ್ಡು ಬೇಕು. ಈ ಬೋರ್ಡು ಒಂದು ಕಡೆ ಹಳೆಯ ಡ್ರೈವಿಗೆ, ಇನ್ನೊಂದು ಕಡೆ ಯುಎಸ್‌ಬಿಗೆ ಸೇರುತ್ತದೆ.

ಸಾಫ್ಟ್‌ವೇರ್: ವಿಂಡೋಸ್‌ನಲ್ಲಿ ವಿನ್‌ಇಮೇಜ್ ಮತ್ತು 7-ಜಿಪ್. ಲಿನಕ್ಸ್‌ನಲ್ಲಿ ಜಿಎನ್‌ಯು ಡಿಡಿರೆಸ್ಕ್ಯೂ. ಉಬುಂಟು, ಡೆಬಿಯನ್‌ಗಳಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ. ಕಂಪ್ಯೂಟರಿನಲ್ಲಿ ಲಿನಕ್ಸ್ ಇಲ್ಲದಿದ್ದರೆ ಪೆನ್‌ಡ್ರೈವಿನಿಂದ ಓಡುವ ಉಬುಂಟು ನಡೆಯುತ್ತದೆ. ಫ್ಲಾಪಿ ಸ್ವಲ್ಪ ಹಾಳಾಗಿದ್ದರೂ ನಾನು ಲಿನಕ್ಸ್ ದಾರಿಯನ್ನೇ ಹೇಳುತ್ತೇನೆ.

ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡು ತೊಳೆಯಲು ಇದನ್ನೇ ಬಳಸುತ್ತಾರೆ, ಅವರನ್ನು ಕೇಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ. ಅದರ ಅಂಟು ಉಳಿಯುತ್ತದೆ.

ಕರೆಂಟು ಹೋಗುವ ಊರಾದರೆ ಡೆಸ್ಕ್‌ಟಾಪಿಗೆ ಯುಪಿಎಸ್ ಇರಲಿ, ಇಲ್ಲವೇ ಲ್ಯಾಪ್‌ಟಾಪ್ ಬಳಸಿ.

1. ಯಾವ ಜಾತಿಯ ಫ್ಲಾಪಿ ಎಂದು ಗುರುತಿಸಿ

ಮೂರೂವರೆ ಇಂಚಿನದರ ಒಂದೇ ಮೂಲೆಯಲ್ಲಿ ತೂತಿದ್ದರೆ ಅದು ಡಬಲ್ ಡೆನ್ಸಿಟಿ, 720 ಕಿಲೋಬೈಟ್. ಎರಡೂ ಮೂಲೆಯಲ್ಲಿದ್ದರೆ ಹೈ ಡೆನ್ಸಿಟಿ, 1.44 ಮೆಗಾಬೈಟ್. ಐದೂಕಾಲು ಇಂಚಿನದರಲ್ಲಿ 360 ಕಿಲೋಬೈಟ್ ಮತ್ತು 1.2 ಮೆಗಾಬೈಟ್ ಎಂಬ ಎರಡು ಬಗೆ ಹೆಚ್ಚಾಗಿ ಸಿಗುತ್ತವೆ. ಮೈಮೇಲಿನ ಚೀಟಿಯೇ ಗುರುತು.

ಎಂಬ್ರಾಯಿಡರಿ ಘಟಕದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆಯ ಮಷೀನುಗಳಲ್ಲಿ ಕೆಲವು 720 ಕಿಲೋಬೈಟ್ ಫ್ಲಾಪಿಯನ್ನು ಮಾತ್ರ ಓದುತ್ತವೆ. ಅಂಥ ಫ್ಲಾಪಿ ಸಿಗದಿದ್ದಾಗ ಹೈ ಡೆನ್ಸಿಟಿ ಫ್ಲಾಪಿಯ ಎರಡನೇ ತೂತಿಗೆ ಟೇಪ್ ಅಂಟಿಸಿ 720 ಎಂದು ಫಾರ್ಮ್ಯಾಟ್ ಮಾಡಿ ಬಳಸಿರುತ್ತಾರೆ. ಹಾಗೆ ಟೇಪ್ ಕಂಡರೆ ಕೀಳಬೇಡಿ. ಕಿತ್ತರೆ ಡ್ರೈವ್ ಅದನ್ನು 1.44 ಎಂದು ತಿಳಿದು ಓದಲು ಹೋಗುತ್ತದೆ, ಏನೂ ಸಿಗುವುದಿಲ್ಲ. ಟೇಪ್ ಬಿದ್ದುಹೋದ ಫ್ಲಾಪಿಯೂ ಇರುತ್ತದೆ. ಚೀಟಿಯ ಪಕ್ಕದ ಮೂಲೆಯಲ್ಲಿ ಅಂಟಿನ ಕಲೆ ಇದ್ದು ಫ್ಲಾಪಿ ಓದದಿದ್ದರೆ, ಬೆಳಕು ಹಾಯದ ಟೇಪ್ ಅಂಟಿಸಿ ಇನ್ನೊಮ್ಮೆ ನೋಡಿ. ಹೀಗೆ ಬರೆದದ್ದು ಬೇಗ ಕೆಡುತ್ತದೆ, ಏಕೆಂದರೆ ಎರಡು ಬಗೆಯ ತಟ್ಟೆಗಳ ಕಾಂತ ಲೇಪನ ಬೇರೆ ಬೇರೆ. ಆದ್ದರಿಂದ ರಾಶಿಯಲ್ಲಿ ಟೇಪ್ ಅಂಟಿಸಿದವಕ್ಕೆ ಮೊದಲ ಸರದಿ ಕೊಡಿ.

2. ಬರೆಯದಂತೆ ಬೀಗ ಹಾಕಿ

ಮೂರೂವರೆ ಇಂಚಿನದರ ಮೂಲೆಯಲ್ಲಿ ಜಾರುವ ಸಣ್ಣ ಪ್ಲಾಸ್ಟಿಕ್ ಇದೆ. ತೂತು ತೆರೆದು ಆಚೆ ಕಾಣುವಂತಿದ್ದರೆ ಬೀಗ ಬಿದ್ದಿದೆ, ಮುಚ್ಚಿದ್ದರೆ ಬರೆಯಬಹುದು. ಐದೂಕಾಲು ಇಂಚಿನದರಲ್ಲಿ ಇದು ಉಲ್ಟಾ: ಅಂಚಿನ ಕಚ್ಚನ್ನು ಟೇಪಿನಿಂದ ಮುಚ್ಚಿದರೆ ಬೀಗ. ಎರಡನ್ನೂ ಬಳಸುವವರು ಇಲ್ಲೇ ಎಡವುತ್ತಾರೆ.

ಓದುವುದಷ್ಟೇ ತಾನೇ, ಬೀಗ ಯಾಕೆ ಎನ್ನುವವರಿಗೆ ಒಂದು ಮಾತು. ವಿಂಡೋಸ್ 95, 98ರ ಕಾಲದ ಕಂಪ್ಯೂಟರಿಗೆ ಬೀಗವಿಲ್ಲದ ಫ್ಲಾಪಿ ಹಾಕಿದರೆ, ನೀವು ಏನೂ ಮಾಡದಿದ್ದರೂ ಅದು ಬೂಟ್ ಸೆಕ್ಟರಿನಲ್ಲಿ, ಅಂದರೆ ಮೊದಲ ಸೆಕ್ಟರಿನಲ್ಲಿ, ತನ್ನ ಗುರುತು ಬರೆದುಬಿಡುತ್ತದೆ. ಇಂದಿನ ವಿಂಡೋಸ್ ‘ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಮಾಡಲೇ?’ ಎಂದು ಕೇಳುತ್ತದೆ. ಅವಸರದಲ್ಲಿ ಎಂಟರ್ ಒತ್ತಿದರೂ ಬೀಗ ಇದ್ದರೆ ಫ್ಲಾಪಿ ಉಳಿಯುತ್ತದೆ.

3. ತಟ್ಟೆ ನೋಡಿ, ಬೇಕಿದ್ದರೆ ಒರೆಸಿ

ಲೋಹದ ಅಥವಾ ಪ್ಲಾಸ್ಟಿಕ್ಕಿನ ಬಾಗಿಲನ್ನು ಕೈಯಿಂದ ಸರಿಸಿ, ಹಿಂದಿನ ಲೋಹದ ಬಿಲ್ಲೆಯನ್ನು ಬೆರಳಿನಿಂದ ನಿಧಾನ ತಿರುಗಿಸುತ್ತ ತಟ್ಟೆಯನ್ನು ಓರೆ ಬೆಳಕಿನಲ್ಲಿ ನೋಡಿ. ಎರಡೂ ಬದಿ ನೋಡಬೇಕು. ತಟ್ಟೆಗೆ ಬೆರಳು ತಾಗಬಾರದು.

ಕಾಣುವುದು ಮೂರು ಬಗೆ. ಮಾಸಲು ದೂಳು: ಗಣಿ ಕಡೆಯ ಕೆಂಪು ದೂಳು, ಜಿನ್ನಿಂಗ್ ಮಿಲ್ಲಿನ ಹತ್ತಿ ಎಳೆ, ಹೊಲಿಗೆ ಘಟಕದ ನೂಲಿನ ಪುಡಿ. ಗಾಳಿ ಊದುವ ರಬ್ಬರ್ ಪಂಪಿನಿಂದ ಇದು ಹೋಗುತ್ತದೆ; ಬಾಯಿಂದ ಊದಬೇಡಿ, ಉಗುಳಿನ ಹನಿ ಸಿಡಿಯುತ್ತದೆ. ಎರಡನೆಯದು ಬಿಳಿ ಅಥವಾ ಬೂದು ಚುಕ್ಕೆ: ಬೂಸ್ಟು. ಇದನ್ನು ಹಾಗೆಯೇ ಡ್ರೈವಿಗೆ ಹಾಕಿದರೆ ಬೂಸ್ಟು ಡ್ರೈವಿನ ಓದುವ ಹೆಡ್ಡಿಗೆ ಅಂಟಿ ಮುಂದಿನ ಫ್ಲಾಪಿಗಳನ್ನೂ ಗೀಚುತ್ತದೆ. ಎಳೆ ಬಿಡದ ಬಟ್ಟೆಯ ತುದಿಗೆ ಆಲ್ಕೊಹಾಲ್ ಸೋಕಿಸಿ, ತಟ್ಟೆ ತಿರುಗಿಸುತ್ತ ಒತ್ತದೆ ಒರೆಸಿ, ಪೂರ್ತಿ ಆರಲು ಬಿಡಿ. ಮೂರನೆಯದು ಹೊಳೆಯುವ ಅಥವಾ ಆಚೆ ಕಾಣುವ ವೃತ್ತಾಕಾರದ ಗೆರೆ. ಅಲ್ಲಿ ಲೇಪನವೇ ಎದ್ದುಹೋಗಿದೆ. ಆ ಗೆರೆಯಲ್ಲಿದ್ದದ್ದು ಇನ್ನು ಸಿಗುವುದಿಲ್ಲ. ಅಂಥದ್ದನ್ನು ಕೊನೆಗೆ ಇಟ್ಟುಕೊಳ್ಳಿ.

ಏಪ್ರಿಲ್-ಮೇ ತಿಂಗಳಲ್ಲಿ ತಗಡಿನ ಚಾವಣಿಯ ಗೋದಾಮಿನಿಂದ ತಂದ ಫ್ಲಾಪಿಯನ್ನು ಬಿಸಿಬಿಸಿಯಾಗಿ ಡ್ರೈವಿಗೆ ತುರುಕಬೇಡಿ. ಕೋಣೆಯ ಹದಕ್ಕೆ ಬರುವವರೆಗೆ ನೆರಳಲ್ಲಿ ಇರಲಿ. ಎಸಿ ಕೋಣೆಯಿಂದ ಮಳೆಗಾಲದ ಹೊರಗಾಳಿಗೆ ತಂದಾಗಲೂ ಇದೇ ಮಾತು. ತಣ್ಣನೆಯ ತಟ್ಟೆಯ ಮೇಲೆ ತೇವ ಕೂರುತ್ತದೆ.

4. ಡ್ರೈವನ್ನು ಬೆಲೆ ಇಲ್ಲದ ಫ್ಲಾಪಿಯಿಂದ ಪರೀಕ್ಷಿಸಿ

ಹೋದರೂ ಚಿಂತೆಯಿಲ್ಲದ ಒಂದು ಫ್ಲಾಪಿಯನ್ನು ಮೊದಲು ಪೂರ್ತಿ ಓದಿಸಿ. ಅದು ಸಲೀಸಾಗಿ ಓದಿದರೆ ಹೊರತೆಗೆದು ತಟ್ಟೆಯ ಮೇಲೆ ಹೊಸ ಗೀರು ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಡ್ರೈವಿನ ಹೆಡ್ಡು ಕೊಳೆಯಾಗಿದೆ, ಒರೆಸದೆ ಮುಂದೆ ಹೋಗಬೇಡಿ.

ಸದ್ದು ಕೇಳುವುದನ್ನು ರೂಢಿ ಮಾಡಿಕೊಳ್ಳಿ. ಸಮನಾದ ಟಕ್, ಟಕ್ ಸದ್ದು ಎಂದರೆ ಹೆಡ್ಡು ಟ್ರ್ಯಾಕಿನಿಂದ ಟ್ರ್ಯಾಕಿಗೆ (ತಟ್ಟೆಯ ಒಂದು ಸುತ್ತಿನಿಂದ ಇನ್ನೊಂದಕ್ಕೆ) ಸರಿಯುತ್ತಿದೆ. ನಡುನಡುವೆ ಗರ್ರ್ ಎಂದು ಹಿಂದಕ್ಕೆ ಓಡಿ ಮತ್ತೆ ಬಂದರೆ, ಓದಲಾಗದೆ ಮೊದಲಿನಿಂದ ಅಳತೆ ಹಿಡಿಯುತ್ತಿದೆ ಎಂದರ್ಥ; ಕಾಯಬಹುದು. ಕಿರ್ರ್ ಎಂಬ ಕೆರೆತದ ಸದ್ದು ಬಂದರೆ ಮಾತ್ರ ಒಂದು ಕ್ಷಣವೂ ಕಾಯದೆ ಫ್ಲಾಪಿ ಹೊರತೆಗೆಯಿರಿ. ತಟ್ಟೆಯನ್ನೂ ಹೆಡ್ಡನ್ನೂ ಒರೆಸಿದ ಮೇಲೆಯೇ ಇನ್ನೊಂದು ಪ್ರಯತ್ನ.

5. ಇಮೇಜ್ ತೆಗೆಯಿರಿ

*ವಿಂಡೋಸ್ ದಾರಿ.* ವಿನ್‌ಇಮೇಜ್ ತೆರೆದು, ಡಿಸ್ಕ್ ಮೆನುವಿನಲ್ಲಿ ಫ್ಲಾಪಿ ಡ್ರೈವ್ ಆಯ್ದು, ಅದೇ ಮೆನುವಿನ ರೀಡ್ ಡಿಸ್ಕ್ ಒತ್ತಿ. ಚೆನ್ನಾಗಿರುವ 1.44 ಫ್ಲಾಪಿಗೆ ಒಂದು ನಿಮಿಷದ ಆಸುಪಾಸು ಹಿಡಿಯುತ್ತದೆ. ಮುಗಿದ ಮೇಲೆ ಸೇವ್ ಮಾಡುವಾಗ ಐಎಂಎ ಬಗೆ ಆಯ್ಕೆ ಮಾಡಿ. ಐಎಂಜೆಡ್ ಎಂದರೆ ಅದನ್ನೇ ಒತ್ತಿ ಕುಗ್ಗಿಸಿದ್ದು. ಜಾಗ ಉಳಿಸುವ ಕಾಲ ಇದಲ್ಲ, ಬೇಡ.

*ಲಿನಕ್ಸ್ ದಾರಿ.* ಡ್ರೈವ್ ಚುಚ್ಚಿ, ಫ್ಲಾಪಿ ಹಾಕಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಆದೇಶ ಕೊಡಿ. 1.4 ಎಂ (720ರ ಫ್ಲಾಪಿಯಾದರೆ 720 ಕೆ) ಗಾತ್ರದ ಸಾಲೇ ನಿಮ್ಮ ಫ್ಲಾಪಿ. ಅದರ ಹೆಸರು ಎಸ್‌ಡಿಬಿ, ಎಸ್‌ಡಿಸಿ ಎಂಬಂತಿರುತ್ತದೆ. ಹೆಸರನ್ನು ಕಾಗದದ ಮೇಲೆ ಬರೆದುಕೊಳ್ಳಿ. ಎಸ್‌ಡಿಎ ಸಾಮಾನ್ಯವಾಗಿ ಕಂಪ್ಯೂಟರಿನ ಹಾರ್ಡ್‌ಡಿಸ್ಕ್. ಓದುವಾಗ ತಪ್ಪಿದರೆ ನಷ್ಟವಿಲ್ಲ, ಆದರೆ ಬರೆಯುವಾಗ ಈ ಒಂದು ಅಕ್ಷರ ತಪ್ಪಿದರೆ ಇಡೀ ಹಾರ್ಡ್‌ಡಿಸ್ಕ್ ಹೋಗುತ್ತದೆ. ಪರದೆಯ ಮೇಲೆ ಫ್ಲಾಪಿಯ ಚಿಹ್ನೆ ಮೂಡಿದರೆ ಒತ್ತಬೇಡಿ.

ಆಮೇಲೆ ಸೂಡೊ (ಆಡಳಿತಗಾರನ ಅಧಿಕಾರ ಕೊಡುವ ಪದ) ಹಾಕಿ ಡಿಡಿರೆಸ್ಕ್ಯೂ ಆದೇಶ. ಅದಕ್ಕೆ ಮೈನಸ್ ಡಿ ಮತ್ತು ಮೈನಸ್ ಎನ್ ಎಂಬ ಎರಡು ಆಯ್ಕೆ, ಬಳಿಕ ಮೂರು ಹೆಸರು ಇದೇ ಸಾಲಿನಲ್ಲಿ: ಫ್ಲಾಪಿಯ ಡಿವೈಸ್ (ಬರೆದುಕೊಂಡ ಹೆಸರು, ಅದರ ಮೊದಲು /dev/ ಸೇರಿಸಿ), ಇಮೇಜ್ ಫೈಲು, ಮ್ಯಾಪ್ ಫೈಲು. ಮೈನಸ್ ಡಿ ಎಂದರೆ ಕಂಪ್ಯೂಟರಿನ ನೆನಪಿನಲ್ಲಿದ್ದದ್ದನ್ನು ಕೊಡದೆ ನೇರ ಡ್ರೈವಿನಿಂದಲೇ ಓದು. ಮೈನಸ್ ಎನ್ ಎಂದರೆ ಕೆಟ್ಟ ಜಾಗವನ್ನು ಈಗಲೇ ಕೆರೆಯಬೇಡ, ಸುಲಭವಾಗಿ ಸಿಗುವುದನ್ನು ಮೊದಲು ತಾ. ಹಳೆಯ ತಟ್ಟೆಗೆ ಈ ಸರದಿಯೇ ಜೀವಾಳ.

ಮ್ಯಾಪ್ ಫೈಲಿನ ಹೆಸರನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಡಬೇಡಿ. ಯಾವ ಸೆಕ್ಟರ್ ಬಂತು, ಯಾವುದು ಬಾಕಿ ಎಂಬ ಲೆಕ್ಕ ಇರುವುದು ಅದರಲ್ಲೇ. ಅದಿಲ್ಲದೆ ಎರಡನೇ ಸಲ ಓಡಿಸಿದರೆ ಎಲ್ಲವೂ ಮೊದಲಿನಿಂದ.

ಇಮೇಜಿನ ಹೆಸರು ಫ್ಲಾಪಿಯ ಚೀಟಿಯಲ್ಲಿರುವಂತೆಯೇ ಇರಲಿ, ಮುಂದೆ ಒಂದು ಕ್ರಮಸಂಖ್ಯೆ. ಅದೇ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಫ್ಲಾಪಿಯ ಮೇಲೂ ಬರೆಯಿರಿ, ಚೀಟಿಯ ಫೋಟೊ ತೆಗೆದಿಡಿ. ಐದೂಕಾಲು ಇಂಚಿನದರ ಮೇಲೆ ಬಾಲ್‌ಪೆನ್ ಒತ್ತಿ ಬರೆದರೆ ಒಳಗಿನ ತಟ್ಟೆಗೆ ಗುರುತು ಬೀಳುತ್ತದೆ.

6. ಓದದೆ ಉಳಿದ ಸೆಕ್ಟರ್‌ಗಳು

ಮೊದಲ ಸುತ್ತಿನಲ್ಲಿ ಪೂರ್ತಿ ಬಂದರೆ ಈ ಹಂತ ಬಿಡಿ.

ಬರದಿದ್ದರೆ ಅದೇ ಆದೇಶವನ್ನು, ಅದೇ ಇಮೇಜ್ ಮತ್ತು ಅದೇ ಮ್ಯಾಪ್ ಹೆಸರು ಇಟ್ಟು, ಮೈನಸ್ ಎನ್ ತೆಗೆದು ಮೈನಸ್ ಆರ್ 3 ಸೇರಿಸಿ ಓಡಿಸಿ. ಬಾಕಿ ಇದ್ದ ಜಾಗವನ್ನಷ್ಟೇ ಮತ್ತೆ ಮತ್ತೆ ಓದುತ್ತದೆ. ಆಗಲೂ ಉಳಿದರೆ ದೊಡ್ಡಕ್ಷರದ ಆರ್ ಆಯ್ಕೆ ಸೇರಿಸಿ. ಅದು ಕೊನೆಯಿಂದ ಮೊದಲಿಗೆ ಓದಿಸುತ್ತದೆ. ಹೆಡ್ಡು ಇನ್ನೊಂದು ಕಡೆಯಿಂದ ಬಂದಾಗ ಕೆಲವು ಸೆಕ್ಟರ್ ಸಿಕ್ಕಿಬಿಡುತ್ತವೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಡ್ರೈವ್ ಬದಲಾವಣೆ. ಪ್ರತಿ ಡ್ರೈವಿನ ಹೆಡ್ಡು ಟ್ರ್ಯಾಕಿನ ಮೇಲೆ ಕೂಡುವ ಜಾಗದಲ್ಲಿ ಕೂದಲೆಳೆಯ ವ್ಯತ್ಯಾಸ ಇರುತ್ತದೆ. ಒಂದು ಡ್ರೈವ್ ಕೈಬಿಟ್ಟ ಸೆಕ್ಟರನ್ನು ಇನ್ನೊಂದು ಮೊದಲ ಓದಿಗೇ ಕೊಡಬಹುದು. ಮ್ಯಾಪ್ ಫೈಲು ಇರುವುದರಿಂದ ಎರಡೂ ಡ್ರೈವಿನ ಫಸಲು ಒಂದೇ ಇಮೇಜಿಗೆ ಸೇರುತ್ತದೆ. ಫ್ಲಾಪಿ ಬರೆದ ಹಳೆಯ ಕಂಪ್ಯೂಟರೇ ಇನ್ನೂ ಅಂಗಡಿಯ ಮೂಲೆಯಲ್ಲಿದ್ದರೆ ಅದರ ಡ್ರೈವನ್ನು ಬಿಚ್ಚಿ ಗ್ರೀಸ್‌ವೀಜಲಿಗೆ ಜೋಡಿಸಿ. ಬರೆದ ಡ್ರೈವಿಗಿಂತ ಚೆನ್ನಾಗಿ ಓದುವ ಡ್ರೈವ್ ಸಿಗುವುದು ಕಷ್ಟ.

ಒಂದು ಸೆಕ್ಟರೂ ಬರದಿದ್ದರೆ ಫ್ಲಾಪಿ ಸತ್ತಿದೆ ಎಂದು ಎಸೆಯಬೇಡಿ. ಹಳೆಯ ಎಂಬ್ರಾಯಿಡರಿ ಮಷೀನುಗಳಲ್ಲಿ ಕೆಲವಕ್ಕೆ ಪಿಸಿಯ ಡಾಸ್ ಬಗೆಯದಲ್ಲದ ತಮ್ಮದೇ ಫಾರ್ಮ್ಯಾಟ್ ಇತ್ತು. ವಿಂಡೋಸ್ ಅವನ್ನು ‘ಫಾರ್ಮ್ಯಾಟ್ ಆಗಿಲ್ಲ’ ಎನ್ನುತ್ತದೆ, ಸೆಕ್ಟರ್ ಅಳತೆಯೇ ಬೇರೆಯಾಗಿದ್ದರೆ ಯುಎಸ್‌ಬಿ ಡ್ರೈವ್ ಓದುವುದೇ ಇಲ್ಲ. ಆಗ ಗ್ರೀಸ್‌ವೀಜಲ್‌ನಲ್ಲಿ ಎಸ್‌ಸಿಪಿ ಬಗೆಯ ಫೈಲು ತೆಗೆಯಬೇಕು. ಅದು ಸೆಕ್ಟರನ್ನಲ್ಲ, ತಟ್ಟೆಯ ಮೇಲಿನ ಕಾಂತದ ಏರಿಳಿತವನ್ನೇ ದಾಖಲಿಸುತ್ತದೆ. ಅರ್ಥ ಬಿಡಿಸುವ ಕೆಲಸ ಆಮೇಲೆ ನಿಧಾನಕ್ಕೆ ಆಗಬಹುದು.

7. ಗಾತ್ರ ನೋಡಿ, ಹ್ಯಾಶ್ ಬರೆದಿಡಿ

ಇಮೇಜಿನ ಗಾತ್ರ ಬೈಟಿಗೆ ಬೈಟು ಸರಿಯಿರಬೇಕು. 1.44 ಫ್ಲಾಪಿಗೆ 14,74,560 ಬೈಟ್: 80 ಟ್ರ್ಯಾಕ್, 2 ಬದಿ, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. 720ಕ್ಕೆ 7,37,280. ಐದೂಕಾಲು ಇಂಚಿನ 1.2ಕ್ಕೆ 12,28,800, 360ಕ್ಕೆ 3,68,640. ಕೆಲವು ಹಳೆಯ ಮೈಕ್ರೋಸಾಫ್ಟ್ ಇನ್‌ಸ್ಟಾಲ್ ಫ್ಲಾಪಿಗಳಲ್ಲಿ ಟ್ರ್ಯಾಕಿಗೆ 21 ಸೆಕ್ಟರ್ ತುಂಬಿರುತ್ತಾರೆ, ಅದರ ಗಾತ್ರ 17,20,320.

ಗಾತ್ರ ಸರಿಯಿದ್ದ ಮಾತ್ರಕ್ಕೆ ಎಲ್ಲ ಸೆಕ್ಟರ್ ಬಂದಿದೆ ಎಂದಲ್ಲ. ಡಿಡಿರೆಸ್ಕ್ಯೂ ಓದಲಾಗದ ಜಾಗವನ್ನು ಸೊನ್ನೆಯಾಗಿ ಬಿಟ್ಟಿರುತ್ತದೆ. ಮ್ಯಾಪ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೆಳಗಿನ ಸಾಲುಗಳನ್ನು ನೋಡಿ. ಸಾಲಿನ ಕೊನೆಗೆ + ಇದ್ದರೆ ಬಂದಿದೆ, - ಇದ್ದರೆ ಹೋಗಿದೆ.

ಈಗ 7-ಜಿಪ್‌ನ ಬಲಕ್ಲಿಕ್ ಮೆನುವಿನಲ್ಲಿ ಎಸ್‌ಎಚ್‌ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಗುರುತು) ತೆಗೆದು ಒಂದು ಪಟ್ಟಿಯಲ್ಲಿ ಅಂಟಿಸಿಡಿ. ಇಮೇಜ್ ಫೈಲಿಗೆ ರೀಡ್ ಓನ್ಲಿ ಗುರುತು ಹಾಕಿ, ಇನ್ನೊಂದು ಪೆನ್‌ಡ್ರೈವಿಗೂ ಒಂದು ನಕಲು. ಆಂಟಿವೈರಸ್ ಮೇಲೆ ಕಣ್ಣಿರಲಿ: ಆ ಕಾಲದ ಬೂಟ್ ಸೆಕ್ಟರ್ ವೈರಸ್ ಒಳಗಿದ್ದರೆ ಅದು ಇಡೀ ಇಮೇಜನ್ನೇ ಕ್ವಾರಂಟೈನ್‌ಗೆ ಎತ್ತಿಕೊಂಡು ಹೋಗಬಹುದು. ಫೈಲು ಮಾಯವಾದರೆ ಮೊದಲು ಅಲ್ಲಿ ಹುಡುಕಿ.

8. ಇಮೇಜಿನ ಒಳಗಿಂದ ಫೈಲು ತೆಗೆಯಿರಿ

ಡಾಸ್ ಫ್ಲಾಪಿಯ ಇಮೇಜನ್ನು 7-ಜಿಪ್ ತೆರೆಯುತ್ತದೆ, ಒಳಗಿನದನ್ನು ಫೋಲ್ಡರಿಗೆ ಎಳೆದರಾಯಿತು. ಲಿನಕ್ಸ್‌ನಲ್ಲಿ ಎಂಟೂಲ್ಸ್ ಪ್ಯಾಕೇಜಿನ ಎಂಕಾಪಿ ಆದೇಶ ಇದೆ.

ಡಿಎಸ್‌ಟಿ ಬಗೆಯ ಎಂಬ್ರಾಯಿಡರಿ ಡಿಸೈನ್ ಫೈಲನ್ನು ಪರೀಕ್ಷಿಸಲು ಸುಲಭದ ದಾರಿ ಉಂಟು. ಅದರ ಮೊದಲ 512 ಬೈಟು ಶೀರ್ಷಿಕೆ. ನೋಟ್‌ಪ್ಯಾಡಿನಲ್ಲಿ ತೆರೆದರೆ ಎಸ್‌ಟಿ ಎಂಬುದರ ಮುಂದೆ ಒಟ್ಟು ಹೊಲಿಗೆಗಳ ಸಂಖ್ಯೆ ಓದಬಹುದು; ನೋಡಿ ಮುಚ್ಚಿ, ಸೇವ್ ಮಾಡಬೇಡಿ. ಪ್ರತಿ ಹೊಲಿಗೆಗೆ 3 ಬೈಟ್. ಫೈಲಿನ ಗಾತ್ರದಿಂದ 512 ಕಳೆದು ಮೂರರಿಂದ ಭಾಗಿಸಿ. ಎರಡೂ ಹತ್ತಿರ ಹತ್ತಿರ ಬಂದರೆ ಫೈಲಿನ ಉದ್ದ ಸರಿಯಿದೆ, ಬಹಳ ಕಡಿಮೆ ಬಂದರೆ ಬಾಲ ತುಂಡಾಗಿದೆ. ಬಳಿಕ ಇಂಕ್‌ಸ್ಟಿಚ್ ಎಂಬ ಎಂಬ್ರಾಯಿಡರಿ ಸಾಫ್ಟ್‌ವೇರಿನಲ್ಲಿ ತೆರೆದು ಕಣ್ಣಾರೆ ನೋಡಿ: ಡಿಸೈನಿನ ನಡುವೆ ಅಡ್ಡಾದಿಡ್ಡಿ ಉದ್ದ ಗೆರೆ ಹಾಯ್ದಿದ್ದರೆ ಅಲ್ಲಿ ಸೆಕ್ಟರ್ ಕೆಟ್ಟಿದೆ. ಬಣ್ಣಗಳು ಬೇರೆ ಕಂಡರೆ ಗಾಬರಿ ಬೇಡ, ಡಿಎಸ್‌ಟಿಯಲ್ಲಿ ದಾರದ ಬಣ್ಣ ದಾಖಲಾಗುವುದೇ ಇಲ್ಲ. ಯಾವ ಸೂಜಿಗೆ ಯಾವ ದಾರ ಎಂದು ಬರೆದ ಹಳೆಯ ಕಾಗದ ಇದ್ದರೆ ಜೋಪಾನ.

ಡಿಟಿಪಿಯವರಿಗೆ ಬೇರೆ ಗಾಬರಿ. ಫೈಲು ತೆರೆದರೆ ಕನ್ನಡದ ಬದಲು ಚುಕ್ಕೆ-ಗೆರೆ ಹೊತ್ತ ರೋಮನ್ ಅಕ್ಷರಗಳ ಸಂತೆ. ಫ್ಲಾಪಿ ಕೆಟ್ಟಿದೆ ಎಂದು ಮತ್ತೆ ಮತ್ತೆ ಓದಿಸಿ ತಟ್ಟೆ ಸವೆಸುತ್ತಾರೆ. ಅದು ಕೆಟ್ಟಿಲ್ಲ. ಯೂನಿಕೋಡ್ ಬರುವ ಮೊದಲಿನ ನುಡಿ, ಶ್ರೀಲಿಪಿ, ಬರಹ ಫಾಂಟುಗಳು ರೋಮನ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಆ ಹಳೆಯ ಫಾಂಟನ್ನೇ ಹಾಕಿದರೆ ಅಕ್ಷರ ಮೂಡುತ್ತವೆ. ಯಾವ ಫಾಂಟು ಎಂದು ಖಚಿತವಾದ ಮೇಲೆ ಅದೇ ಫಾಂಟಿನ ಯೂನಿಕೋಡ್ ಪರಿವರ್ತಕ ಬಳಸಿ. ನುಡಿಯ ಫೈಲಿಗೆ ಶ್ರೀಲಿಪಿಯ ಪರಿವರ್ತಕ ಹಾಕಿದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ.

9. ಒಂದು ಇಮೇಜ್ ಬಗೆಯಿಂದ ಇನ್ನೊಂದಕ್ಕೆ

ಇಲ್ಲಿ ನಡೆಯುವ ದೊಡ್ಡ ತಪ್ಪು ಹೆಸರಿನ ಬಾಲವನ್ನು (ಚುಕ್ಕೆಯ ನಂತರದ ಅಕ್ಷರಗಳನ್ನು) ಬದಲಿಸಿ ಪರಿವರ್ತನೆ ಆಯಿತು ಎಂದುಕೊಳ್ಳುವುದು. ಐಎಂಜಿ ಮತ್ತು ಐಎಂಎ ನಡುವೆ ಮಾತ್ರ ಹಾಗೆ ಮಾಡಬಹುದು, ಏಕೆಂದರೆ ಎರಡರ ಒಳಗೂ ಬರಿ ಸೆಕ್ಟರ್‌ಗಳು. ಉಳಿದವಕ್ಕೆ ಬಾಲವನ್ನು ನಂಬದೆ ಫೈಲಿನ ಮೊದಲ ಬೈಟುಗಳನ್ನು ಹೆಕ್ಸ್ ಎಡಿಟರಿನಲ್ಲಿ ನೋಡಿ. ಟಿಡಿ ಎಂಬ ಎರಡು ದೊಡ್ಡಕ್ಷರದಿಂದ ಶುರುವಾದರೆ ಟೆಲಿಡಿಸ್ಕ್ ಎಂಬ ಹಳೆಯ ಇಮೇಜ್ ಪ್ರೋಗ್ರಾಮಿನ ಫೈಲು. ಸಣ್ಣಕ್ಷರವಾದರೆ ಇನ್ನೂ ಒತ್ತಿ ಕುಗ್ಗಿಸಿದ ಬಗೆ. ಐಎಂಡಿ ಎಂದಿದ್ದರೆ ಇಮೇಜ್‌ಡಿಸ್ಕ್. ಎಸ್‌ಸಿಪಿ ಎಂದಿದ್ದರೆ ಕಾಂತದ ದಾಖಲೆ. ಡಿಎಸ್‌ಕೆ ಬಾಲದ ಫೈಲಿನ ಒಳಗೆ ಏನಿದೆ ಎಂದು ಬಾಲದಿಂದ ಹೇಳಲು ಬರುವುದಿಲ್ಲ. ಗಾತ್ರ 14,74,560 ಇದ್ದರೆ ಸಾಮಾನ್ಯವಾಗಿ ಬರಿ ಸೆಕ್ಟರ್.

ಟೆಲಿಡಿಸ್ಕ್, ಇಮೇಜ್‌ಡಿಸ್ಕ್ ಫೈಲುಗಳನ್ನು ಐಎಂಜಿ ಮಾಡಲು ಎಚ್‌ಎಕ್ಸ್‌ಸಿ ಫ್ಲಾಪಿ ಎಮ್ಯುಲೇಟರ್ ಸಾಫ್ಟ್‌ವೇರ್ ಅಥವಾ ಸ್ಯಾಮ್‌ಡಿಸ್ಕ್ ಬಳಸಿ. ಎಸ್‌ಸಿಪಿಗೆ ಗ್ರೀಸ್‌ವೀಜಲಿನ ಕನ್ವರ್ಟ್ ಆದೇಶವೇ ಇದೆ, ಫ್ಲಾಪಿಯ ಬಗೆಯನ್ನು ನೀವು ಹೇಳಬೇಕು. ಪರಿವರ್ತನೆಯಾದ ಮೇಲೂ ಮೂಲ ಫೈಲನ್ನು ಅಳಿಸಬೇಡಿ: ಕಾಪಿ ತಡೆಯ ಗುರುತು, ಕೆಟ್ಟ ಸೆಕ್ಟರಿನ ಮಾಹಿತಿ ಐಎಂಜಿಗೆ ಬರುವುದಿಲ್ಲ.

ಹಳೆಯ ಲೆಕ್ಕದ ಸಾಫ್ಟ್‌ವೇರ್ ಓಡಿಸಬೇಕಿದ್ದರೆ ಐಎಂಜಿಯನ್ನು ಐಎಸ್ಒ (ಸಿಡಿಯ ಇಮೇಜ್) ಮಾಡುವ ಗೋಜು ಬೇಡ. ಹೊಸ ಕಂಪ್ಯೂಟರಿನೊಳಗೆ ಹಳೆಯದನ್ನು ಅನುಕರಿಸುವ ಡಾಸ್‌ಬಾಕ್ಸ್, ವರ್ಚುವಲ್‌ಬಾಕ್ಸ್ ಎರಡೂ ಐಎಂಜಿಯನ್ನು ಫ್ಲಾಪಿ ಎಂದೇ ಒಪ್ಪುತ್ತವೆ.

10. ಮಷೀನಿಗೆ ಹಿಂತಿರುಗಿಸುವುದು

ಎಂಬ್ರಾಯಿಡರಿ ಮಷೀನು ಇನ್ನೂ ಫ್ಲಾಪಿಯನ್ನೇ ಕೇಳಿದರೆ ಎರಡು ದಾರಿ. ಮೊದಲನೆಯದು ಗೋಟೆಕ್: ಫ್ಲಾಪಿ ಡ್ರೈವಿನ ಜಾಗದಲ್ಲಿ ಕೂತು ಪೆನ್‌ಡ್ರೈವಿನಿಂದ ಇಮೇಜ್ ಕೊಡುವ ಡಬ್ಬಿ. ಕೊಳ್ಳುವ ಮೊದಲು ಮಷೀನಿನ ಡ್ರೈವ್ 720ರದೋ 1.44ರದೋ, ಕೇಬಲ್ 34 ಪಿನ್ನಿನದೋ 26ರದೋ ನೋಡಿ. ತಪ್ಪು ಮಾದರಿ ತಂದರೆ ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದು ಅಷ್ಟರಲ್ಲೇ ಇದೆ. ಬಿಚ್ಚುವಾಗ ಮಷೀನಿನ ಮೇನ್ ಸ್ವಿಚ್ ಆಫ್ ಇರಲಿ, ಹಳೆಯ ಡ್ರೈವಿನ ಜಂಪರ್ (ಪಿನ್ನುಗಳನ್ನು ಜೋಡಿಸುವ ಸಣ್ಣ ಟೊಪ್ಪಿ) ಎಲ್ಲಿತ್ತು, ಕೇಬಲಿನ ಕೆಂಪು ಅಂಚು ಯಾವ ಕಡೆಗಿತ್ತು ಎಂದು ಫೋಟೊ ತೆಗೆದುಕೊಳ್ಳಿ. ಗೋಟೆಕ್ ದೀಪ ಆರದೆ ಉರಿಯುತ್ತಲೇ ಇದ್ದರೆ ಹೆಚ್ಚಾಗಿ ಕೇಬಲ್ ತಿರುಗಿದೆ.

ಅಂಗಡಿಯಿಂದ ಬಂದ ಗೋಟೆಕ್‌ಗೆ ಅದರದೇ ಪ್ರೋಗ್ರಾಮಿನಿಂದ ಪೆನ್‌ಡ್ರೈವ್ ಸಿದ್ಧ ಮಾಡಬೇಕು. ಐಎಂಜಿ ಫೈಲನ್ನು ಸುಮ್ಮನೆ ಎಳೆದು ಹಾಕಿದರೆ ಕಾಣದು. ಫ್ಲ್ಯಾಶ್‌ಫ್ಲಾಪಿ ಎಂಬ ಉಚಿತ ಫರ್ಮ್‌ವೇರ್ (ಡಬ್ಬಿಯೊಳಗೆ ಓಡುವ ಪ್ರೋಗ್ರಾಂ) ಹಾಕಿದರೆ ಫ್ಯಾಟ್32 ಪೆನ್‌ಡ್ರೈವಿನಲ್ಲಿರುವ ಐಎಂಜಿ ಫೈಲುಗಳನ್ನೇ ನೇರ ಓದುತ್ತದೆ. ಹಾಕುವಾಗ ಮೂಲ ಫರ್ಮ್‌ವೇರ್ ಅಳಿಯುತ್ತದೆ ಎಂಬುದು ಗೊತ್ತಿರಲಿ. ಘಟಕ ಓಡುತ್ತಿರುವಾಗ, ಆರ್ಡರ್ ತಲೆಯ ಮೇಲಿರುವಾಗ ಈ ಪ್ರಯೋಗಕ್ಕೆ ಇಳಿಯಬೇಡಿ.

ಎರಡನೆಯದು ಹೊಸ ಫ್ಲಾಪಿಗೆ ಬರೆಯುವುದು. 720ರ ಇಮೇಜನ್ನು 720ರ ಫ್ಲಾಪಿಗೆ ಮಾತ್ರ. ಯುಎಸ್‌ಬಿ ಡ್ರೈವುಗಳಲ್ಲಿ ಹಲವು 720 ಫಾರ್ಮ್ಯಾಟ್ ಮಾಡಲು ಒಪ್ಪುವುದಿಲ್ಲ, ಹಳೆಯ ಒಳಡ್ರೈವ್ ಬೇಕಾಗುತ್ತದೆ. ವಿನ್‌ಇಮೇಜಿನ ಡಿಸ್ಕ್ ಮೆನುವಿನಲ್ಲಿ ಫಾರ್ಮ್ಯಾಟ್ ಮಾಡಿ ಬರೆಯುವ ಆಯ್ಕೆ ಇದೆ. ಬರೆದ ಕೂಡಲೇ ಬೀಗ ಹಾಕಿ, ಅದೇ ಫ್ಲಾಪಿಯನ್ನು ಹೊಸ ಹೆಸರಿನ ಇಮೇಜಾಗಿ ಮತ್ತೆ ಓದಿ, ಬರೆಯಲು ಬಳಸಿದ ಇಮೇಜಿನ ಹ್ಯಾಶಿನ ಜೊತೆ ಹೋಲಿಸಿ. ಒಂದೇ ಬಂದರೆ ಮಷೀನಿಗೆ ಒಯ್ದು ಚಿಂದಿ ಡೆನಿಮ್ ಮೇಲೆ ಒಂದು ಡಿಸೈನ್ ಓಡಿಸಿ. ಬೇರೆ ಬಂದರೆ ಆ ಫ್ಲಾಪಿಯನ್ನು ಬದಿಗಿಟ್ಟು ಇನ್ನೊಂದನ್ನು ತೆಗೆದುಕೊಳ್ಳಿ.